ಮಂಡಿನೋವಿನ ಅಪ್ಪನನ್ನು ವಿಯೆಟ್ನಾಂ ಸ್ಮಾರಕಕ್ಕೆ ಕರೆದುಕೊಂಡು ಹೋಗುವುದು ಹೇಗೆ?

ಪ್ರಶ್ನೆ: ನಾವು ವರ್ಜೀನಿಯಾದ ಹರ್ನ್‌ಡನ್‌ನಲ್ಲಿದ್ದೇವೆ. ಜೂನ್ ಕೊನೆಗೆ ಶಿವಮೊಗ್ಗದಿಂದ ಅಪ್ಪ ಅಮ್ಮ ಬರುತ್ತಿದ್ದಾರೆ. ಅಪ್ಪನಿಗೆ 77, ಸೇನೆಯಲ್ಲಿದ್ದು ಸುಬೇದಾರ್ ಆಗಿ ನಿವೃತ್ತರಾದವರು. ಎರಡೂ ಮಂಡಿ ಸವೆದಿವೆ, ಆಪರೇಷನ್ ಬೇಡ ಅಂತ ಹಠ. ಒಂದೇ ಸಮ ಹತ್ತು ನಿಮಿಷಕ್ಕಿಂತ ಜಾಸ್ತಿ ನಡೆಯಲಾರರು. ಅಮ್ಮನಿಗೆ 72. ಬಿಪಿ, ಶುಗರ್ ಇದೆ, ಒಂದು ಮಂಡಿ ಬದಲಾಯಿಸಿದೆ. ವಾಷಿಂಗ್ಟನ್‌ನ ವಿಯೆಟ್ನಾಂ ಸ್ಮಾರಕ ನೋಡಬೇಕು ಅನ್ನುವುದು ಅಪ್ಪನ ಬಹಳ ದಿನದ ಆಸೆ. ಆದರೆ ವೀಲ್‌ಚೇರ್ ಅಂದರೆ ಸಿಟ್ಟಾಗುತ್ತಾರೆ. ಕರೆದುಕೊಂಡು ಹೋಗಬಹುದಾ? ಅಲ್ಲಿರುವ ಎಲ್ಲ ಸ್ಮಾರಕಗಳನ್ನೂ ಒಂದೇ ದಿನದಲ್ಲಿ ಮುಗಿಸಬಹುದಾ?

ಉತ್ತರ: ಖಂಡಿತ ಕರೆದುಕೊಂಡು ಹೋಗಿ. ಒಂದೇ ದಿನದಲ್ಲಿ ಎಲ್ಲ ಮುಗಿಸುವ ಯೋಚನೆ ಮಾತ್ರ ಇವತ್ತೇ ಬಿಟ್ಟುಬಿಡಿ.

ವಯಸ್ಸಾದವರ ಮಂಡಿ, ಸೊಂಟ ನೋಡುವುದೇ ನನ್ನ ದಿನನಿತ್ಯದ ಕೆಲಸ. ಊರಿಂದ ಬಂದ ಅಪ್ಪ ಅಮ್ಮಂದಿರು ವಾಷಿಂಗ್ಟನ್ ಸುತ್ತಿ ಬಂದ ಮಾರನೇ ದಿನ ಮಕ್ಕಳಿಂದ ಫೋನ್ ಬರುವುದು ಬೇಸಿಗೆಯಲ್ಲಿ ಮಾಮೂಲು. ಕೇಳಿದರೆ ಕಥೆ ಯಾವಾಗಲೂ ಒಂದೇ. ಯಾವ ಸ್ಮಾರಕವೂ ಅವರಿಗೆ ಕಷ್ಟ ಕೊಟ್ಟಿರುವುದಿಲ್ಲ. ಒಂದು ಸ್ಮಾರಕದಿಂದ ಇನ್ನೊಂದಕ್ಕೆ ಇರುವ ದೂರ ಕಷ್ಟ ಕೊಟ್ಟಿರುತ್ತದೆ.

ಈ ಸ್ಮಾರಕಗಳೆಲ್ಲ ಇರುವ ನ್ಯಾಷನಲ್ ಮಾಲ್ ಎಂಬ ಉದ್ದನೆಯ ಬಯಲು ಫೋಟೋದಲ್ಲಿ ಒಂದು ಅಂಗಳದಷ್ಟು ಕಾಣುತ್ತದೆ. ನಿಜಕ್ಕೂ ಅದರ ಒಂದು ಕೊನೆಯ ಕ್ಯಾಪಿಟಲ್ ಕಟ್ಟಡದಿಂದ (ಅಮೆರಿಕದ ಸಂಸತ್ ಭವನ) ಲಿಂಕನ್ ಸ್ಮಾರಕಕ್ಕೆ 3 ಕಿಲೋಮೀಟರ್ ದಾಟುತ್ತದೆ. ಲಿಂಕನ್ ಎದುರಿನ ಉದ್ದನೆಯ ಕೊಳ ಒಂದೇ 2,000 ಅಡಿಗಿಂತ ಉದ್ದ. ಎರಡನೇ ಮಹಾಯುದ್ಧದ ಸ್ಮಾರಕ ಆ ಕೊಳದ ಒಂದು ತುದಿಯಲ್ಲಿದೆ, ವಿಯೆಟ್ನಾಂ ಸ್ಮಾರಕದ ಗೋಡೆ ಇನ್ನೊಂದು ತುದಿಯ ಹತ್ತಿರ. "ಇಲ್ಲೇ ಪಕ್ಕದಲ್ಲಿ" ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅವರ ಮಂಡಿ ಚೆನ್ನಾಗಿದೆ, ಅಷ್ಟೇ.

ಇನ್ನು ನಿಮ್ಮ ತಂದೆಯವರು ಆರಿಸಿಕೊಂಡಿರುವ ಸ್ಮಾರಕದ ವಿಷಯ. ಅವರಿಗೆ ಗೊತ್ತಿತ್ತೋ ಇಲ್ಲವೋ, ಅಲ್ಲಿರುವ ದೊಡ್ಡ ಸ್ಮಾರಕಗಳಲ್ಲಿ ಮಂಡಿಗೆ ಹಗುರವಾದದ್ದನ್ನೇ ಆರಿಸಿದ್ದಾರೆ. ಗೋಡೆಯ ಉದ್ದಕ್ಕೂ ಒಂದು ಮೆಟ್ಟಿಲೂ ಇಲ್ಲ. 1982ರಲ್ಲಿ ಲೋಕಾರ್ಪಣೆಯಾದ ಈ ಸ್ಮಾರಕದ ವಿನ್ಯಾಸ ಮಾಯಾ ಲಿನ್ ಅವರದು. ಸ್ಪರ್ಧೆಯಲ್ಲಿ ಗೆದ್ದಾಗ ಆಕೆ ಇನ್ನೂ 21ರ ವಿದ್ಯಾರ್ಥಿನಿ. ನೆಲವನ್ನು ಸೀಳಿದ ಹಾಗೆ ಎರಡು ಕಪ್ಪು ಗೋಡೆಗಳು ಒಂದು ಕೋನದಲ್ಲಿ ಸೇರುತ್ತವೆ. ಒಂದು ಗೋಡೆಯ ತುದಿ ಲಿಂಕನ್ ಸ್ಮಾರಕದ ಕಡೆ, ಇನ್ನೊಂದರದು ವಾಷಿಂಗ್ಟನ್ ಸ್ತಂಭದ ಕಡೆ. ಒಂದೊಂದು ಗೋಡೆಯೂ ಸುಮಾರು 247 ಅಡಿ. ತುದಿಯಲ್ಲಿ ಗೋಡೆ ಪಾದದ ಎತ್ತರಕ್ಕಿರುತ್ತದೆ, ನಡುವಿಗೆ ಹೋಗುವಷ್ಟರಲ್ಲಿ 10 ಅಡಿಯಾಗಿ ತಲೆಯ ಮೇಲೆ ಹೋಗಿರುತ್ತದೆ. ಗೋಡೆ ಎತ್ತರವಾಗುತ್ತಾ ಹೋಗುವುದಲ್ಲ, ನಾವು ಕೆಳಗೆ ಇಳಿಯುತ್ತಾ ಹೋಗುವುದು.

ಈ ಇಳಿಜಾರಿನ ಲೆಕ್ಕ ನೋಡಿ. ಸುಮಾರು 25 ಅಡಿ ನಡೆದರೆ 1 ಅಡಿ ಇಳಿದಿರುತ್ತೀರಿ. ವೀಲ್‌ಚೇರ್‌ಗೆಂದು ಕಟ್ಟುವ ರ‍್ಯಾಂಪ್‌ಗೆ ಅಮೆರಿಕದ ನಿಯಮ 12 ಅಡಿಗೆ 1 ಅಡಿಯವರೆಗೂ ಒಪ್ಪುತ್ತದೆ. ಅದರ ಅರ್ಧದಷ್ಟೂ ಕಡಿದಲ್ಲ ಇದು. ಇಳಿಯುವಾಗ ಗೊತ್ತೇ ಆಗುವುದಿಲ್ಲ. ಹತ್ತುವಾಗ ತಳ್ಳುವವರಿಗೆ ಸ್ವಲ್ಪ ಗೊತ್ತಾಗುತ್ತದೆ. ಮಂಡಿ ಸವೆದವರಿಗೆ ಇಳಿಯುವಾಗಲೇ ನೋವು ಜಾಸ್ತಿ, ಹಾಗಾಗಿ ನಡೆದೇ ಹೋಗುವವರು ಹೆಜ್ಜೆ ಚಿಕ್ಕದಾಗಿ ಇಡಲಿ. ಊರುಗೋಲು ಇದ್ದರೆ ಜಾಸ್ತಿ ನೋಯುವ ಮಂಡಿಯ ಎದುರು ಬದಿಯ ಕೈಯಲ್ಲಿರಲಿ. ಬಹಳ ಜನ ನೋಯುವ ಕಡೆಗೇ ಹಿಡಿಯುತ್ತಾರೆ, ಅದರಿಂದ ಅಷ್ಟು ಉಪಯೋಗವಿಲ್ಲ.

ಹತ್ತು ನಿಮಿಷ ನಡೆಯಬಲ್ಲವರಿಗೆ 500 ಅಡಿ ಏನು ಮಹಾ ಅನ್ನಿಸಬಹುದು. ಅಲ್ಲೇ ಮೋಸ ಹೋಗುವುದು. ಸ್ಮಾರಕದಲ್ಲಿ ಯಾರೂ ಸರಾಗವಾಗಿ ನಡೆಯುವುದಿಲ್ಲ. ಎರಡು ಹೆಜ್ಜೆ ಇಡುತ್ತಾರೆ, ನಿಲ್ಲುತ್ತಾರೆ, ಹೆಸರು ಓದುತ್ತಾರೆ, ಮತ್ತೆ ಎರಡು ಹೆಜ್ಜೆ. ಗೋಡೆಯ ಮೇಲೆ ಆ ಯುದ್ಧದಲ್ಲಿ ಸತ್ತ, ಕಾಣೆಯಾದ ಅಮೆರಿಕದ ಸೈನಿಕರ 58,000ಕ್ಕೂ ಹೆಚ್ಚು ಹೆಸರುಗಳಿವೆ. ನಡೆಯುವಾಗ ಮೀನಖಂಡದ ಸ್ನಾಯುಗಳು ರಕ್ತವನ್ನು ಮೇಲಕ್ಕೆ ತಳ್ಳುತ್ತಿರುತ್ತವೆ. ಸುಮ್ನೆ ನಿಂತರೆ ಆ ಕೆಲಸ ನಿಂತುಹೋಗುತ್ತದೆ. ಪಾದ ಊದುತ್ತದೆ, ಮಂಡಿ ಬಿಗಿಯುತ್ತದೆ, ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ತಲೆ ಸುತ್ತುತ್ತದೆ. ಗೋಡೆಯ ಎದುರಲ್ಲಿ ಕೂರಲು ಬೆಂಚಿಲ್ಲ. ಅದಕ್ಕೇ ಕೂರುವ ವ್ಯವಸ್ಥೆಯನ್ನು ನೀವೇ ತೆಗೆದುಕೊಂಡು ಹೋಗಬೇಕು.

ವೀಲ್‌ಚೇರ್ ಮಾತಿಗೆ ಬರೋಣ. ನಿಮ್ಮ ಪ್ರಶ್ನೆಯ ತಿರುಳು ಇದೇ ಅಲ್ವಾ?

ನಿಮಗೆ ಬೇಕಾದದ್ದು ಆಸ್ಪತ್ರೆಯ ದೊಡ್ಡ ಕುರ್ಚಿಯಲ್ಲ. ವಾಕರ್ ಆಗಿಯೂ ಕುರ್ಚಿಯಾಗಿಯೂ ಬಳಸಬಹುದಾದ, ನಾಲ್ಕು ಗಾಲಿಯ ಒಂದು ಸಾಧನ ಬರುತ್ತದೆ. ತಂದೆಯವರು ಅದನ್ನು ಹಿಡಿದು ನಡೆಯುತ್ತಾರೆ, ಸುಸ್ತಾದಾಗ ಕಾಲಿಡುವ ಪಟ್ಟಿ ಬಿಡಿಸಿ ಕೂರಿಸಿ ನೀವು ತಳ್ಳುತ್ತೀರಿ. "ಕೂತುಕೊಳ್ಳಿ" ಅಂದರೆ ರೇಗುವ ಗಂಡಸರು "ಇದನ್ನು ತಳ್ಳಿಕೊಂಡು ಬನ್ನಿ" ಅಂದರೆ ಒಪ್ಪುತ್ತಾರೆ. ಆಮೇಲೆ ತಾವೇ ಕೂರುತ್ತಾರೆ. ಒಂದು ಎಚ್ಚರಿಕೆ: ಬರೀ ಸೀಟ್ ಇರುವ ಮಾಮೂಲಿ ವಾಕರ್ ಬೇರೆ, ಇದು ಬೇರೆ. ಆ ಸೀಟು ನಿಂತಲ್ಲಿ ಕೂರುವುದಕ್ಕೆ ಮಾತ್ರ. ಅದರ ಮೇಲೆ ಕೂರಿಸಿ ತಳ್ಳಿದರೆ ಗಾಲಿ ಒಂದು ಸಂದಿಗೆ ಸಿಕ್ಕಿದರೂ ಸಾಕು, ಕೂತವರು ಬೀಳುತ್ತಾರೆ. ಮಾಲ್‌ನಲ್ಲಿ ಇದನ್ನು ಮಾಡುವವರು ಬೇಕಾದಷ್ಟು ಜನ ಕಾಣುತ್ತಾರೆ.

ಹಗುರವಾದ, ಮಡಚುವ ತಳ್ಳುಕುರ್ಚಿ ತರುವುದಾದರೆ ಹಿಂದಿನ ಗಾಲಿ 12 ಇಂಚಿನದು ನೋಡಿ ತನ್ನಿ. ಚಿಕ್ಕ ಗಾಲಿಯವು ಅಂಗಡಿಯ ನುಣುಪು ನೆಲದಲ್ಲಿ ಚೆನ್ನಾಗಿ ಓಡುತ್ತವೆ. ಮಾಲ್‌ನ ಕೆಲವು ದಾರಿಗಳಲ್ಲಿ ಹಾಕಿರುವ ಜಲ್ಲಿಪುಡಿಯಲ್ಲಿ ಹೂತುಕೊಳ್ಳುತ್ತವೆ. ಕೊಳ್ಳುವ ಮೊದಲು ಪರಿಚಯದವರನ್ನು ಕೇಳಿ. ನಿಮ್ಮ ಭಾಗದಲ್ಲಿ ಕಾವೇರಿ ಕನ್ನಡ ಸಂಘ ಇದೆ. ಯಾರದೋ ಮನೆಯ ಗ್ಯಾರೇಜಿನಲ್ಲಿ ಹೋದ ವರ್ಷ ಅತ್ತೆಗೆಂದು ತಂದ ಕುರ್ಚಿ ಸುಮ್ನೆ ಕೂತಿರುತ್ತದೆ. ಹತ್ತಿರದ ಸ್ಮಿತ್‌ಸೋನಿಯನ್ ಮ್ಯೂಸಿಯಂಗಳಲ್ಲಿ ವೀಲ್‌ಚೇರ್ ಪುಕ್ಕಟೆ ಕೊಡುತ್ತಾರೆ, ನಿಜ. ಆದರೆ ಅದು ಆ ಕಟ್ಟಡದ ಒಳಗೆ ಮಾತ್ರ. ಸ್ಮಾರಕಕ್ಕೆ ತೆಗೆದುಕೊಂಡು ಹೋಗುವಂತಿಲ್ಲ.

ಇಷ್ಟೆಲ್ಲ ಆದರೂ ಅಪ್ಪ ಒಪ್ಪದಿದ್ದರೆ ವಾದ ಮಾಡಬೇಡಿ. ಕುರ್ಚಿಯನ್ನು ಡಿಕ್ಕಿಯಲ್ಲಿ ಹಾಕಿಕೊಂಡು ಹೋಗಿ, ಅಮ್ಮನಿಗೆ ಅನ್ನಿ. ಅಮ್ಮನಿಗೂ ಬೇಕಾಗಬಹುದು, ಆದ್ದರಿಂದ ಅದು ಸುಳ್ಳೂ ಅಲ್ಲ. ಉಳಿದದ್ದನ್ನು ಆ ಜಾಗವೇ ಮಾಡುತ್ತದೆ. ವಿಯೆಟ್ನಾಂನಲ್ಲಿ ಹೋರಾಡಿದ ಅಮೆರಿಕದ ಸೈನಿಕರಿಗೂ ಈಗ ನಿಮ್ಮ ತಂದೆಯ ವಯಸ್ಸೇ. ತಮ್ಮ ದಳದ ಹೆಸರಿರುವ ಟೋಪಿ ಹಾಕಿಕೊಂಡು ಅವರು ಅಲ್ಲಿಗೆ ಬರುತ್ತಾರೆ, ಎಷ್ಟೋ ಜನ ವೀಲ್‌ಚೇರಿನಲ್ಲೇ. ಒಬ್ಬ ಹಳೇ ಸೈನಿಕ ಇನ್ನೊಬ್ಬ ಹಳೇ ಸೈನಿಕ ಕುರ್ಚಿಯಲ್ಲಿ ನೆಟ್ಟಗೆ ಕೂತಿರುವುದನ್ನು ಕಂಡರೆ ಆಗುವ ಪರಿಣಾಮ ಮಗಳ ಮಾತಿಗಿಂತ ದೊಡ್ಡದು. ಮಾತಿಗೆ ಸಿಕ್ಕರೆ "ನಾನೂ ಸೇನೆಯಲ್ಲಿದ್ದೆ" ಅಂತ ಅಪ್ಪ ಹೇಳಲಿ. ಇಂಗ್ಲಿಷ್ ತಡವರಿಸಿದರೂ ಪರವಾಗಿಲ್ಲ, ನೀವು ಪಕ್ಕದಲ್ಲಿರುತ್ತೀರಲ್ಲ.

ಅವರಿಗೆ ಮೊದಲೇ ಹೇಳಿಡಬೇಕಾದ ಇನ್ನೊಂದು ಸಂಗತಿ ಇದೆ. ಆ ಗೋಡೆಯ ಕಪ್ಪು ಗ್ರಾನೈಟ್ ಹೋಗಿದ್ದು ಬೆಂಗಳೂರಿನಿಂದ. ನಮ್ಮ ಕಡೆಯ ಕಲ್ಲು ವರ್ಮಾಂಟ್ ರಾಜ್ಯದ ಬ್ಯಾರಿಯಲ್ಲಿ ಚಪ್ಪಡಿಯಾಗಿ, ಟೆನೆಸ್ಸಿಯ ಮೆಂಫಿಸ್‌ನಲ್ಲಿ ಹೆಸರು ಕೆತ್ತಿಸಿಕೊಂಡು ವಾಷಿಂಗ್ಟನ್ ಸೇರಿತು. ಅದು ಕನ್ನಡಿಯಂತೆ ಹೊಳೆಯುತ್ತದೆ, ಹೆಸರುಗಳ ಮೇಲೆ ನೋಡುವವರ ಮುಖವೇ ಕಾಣುತ್ತದೆ. ಮುಟ್ಟಬಹುದು, ಯಾರೂ ಬೈಯುವುದಿಲ್ಲ.

ಗೋಡೆಯ ಮುಂದೆ ಕುರ್ಚಿ ನಿಲ್ಲಿಸುವುದಕ್ಕೂ ಒಂದು ಕ್ರಮವಿದೆ. ದಾರಿಯ ಉದ್ದಕ್ಕೆ ನಿಲ್ಲಿಸಿದರೆ ಇಳಿಜಾರಿಗೆ ನಿಧಾನ ಉರುಳುತ್ತದೆ. ಗೋಡೆಯ ಕಡೆ ಮುಖ ಮಾಡಿಸಿ, ಅಂದರೆ ಇಳಿಜಾರಿಗೆ ಅಡ್ಡವಾಗಿ ನಿಲ್ಲಿಸಿ, ಎರಡೂ ಬ್ರೇಕ್ ಹಾಕಿ. ಓದುವುದಕ್ಕೂ ಅದೇ ಅನುಕೂಲ. ಕೂತವರಿಗೆ ನಡುವಿನ ಸಾಲುಗಳು ಚೆನ್ನಾಗಿ ಕಾಣುತ್ತವೆ, ಎತ್ತರದ ಸಾಲುಗಳಿಗಾಗಿ ಕತ್ತು ಎತ್ತಿಕೊಂಡೇ ಇರುವುದು ಬೇಡ. ಕತ್ತಿನ ಮೂಳೆ ಸವೆದವರಿಗೆ ಅದರಿಂದಲೂ ತಲೆ ಸುತ್ತು ಬರಬಹುದು.

ನಿಮ್ಮ ತಂದೆಯವರು ಎದ್ದು ನಿಂತು ಸೆಲ್ಯೂಟ್ ಮಾಡಬೇಕು ಅಂದೇ ಅನ್ನುತ್ತಾರೆ, ನನಗೆ ಅನುಮಾನವೇ ಇಲ್ಲ. ಬೇಡ ಅನ್ನಬೇಡಿ. ಆದರೆ ತೋಳು ಹಿಡಿದು ಎಳೆದು ಎಬ್ಬಿಸಬೇಡಿ, ಭುಜ ಹೋಗುತ್ತದೆ. ಮೊದಲು ಕೂತಲ್ಲೇ ಒಂದೊಂದು ಕಾಲನ್ನೂ ನೇರ ಚಾಚಿ ಮಡಚುವುದು, ಎಂಟು ಹತ್ತು ಸಲ. ಬಿಗಿದ ಮಂಡಿ ಸಡಿಲವಾಗುತ್ತದೆ. ಆಮೇಲೆ ಕಾಲಿಡುವ ಪಟ್ಟಿ ಎತ್ತಿ, ಎರಡೂ ಪಾದ ನೆಲಕ್ಕೆ ಊರಿ, ಸ್ವಲ್ಪ ಹಿಂದಕ್ಕೆ ಎಳೆದುಕೊಳ್ಳಲಿ. ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಮುಂದೆ ಬಾಗಿ, ಕುರ್ಚಿಯ ಕೈಗಳನ್ನು ಒತ್ತಿ ಏಳಲಿ. ಎದ್ದ ಮೇಲೆ ಒಂದು ನಿಮಿಷ ಕುರ್ಚಿ ಹಿಡಿದೇ ನಿಲ್ಲಲಿ. ಬಹಳ ಹೊತ್ತು ಕೂತು ದಿಢೀರ್ ಎದ್ದರೆ ಬಿಪಿ ಇಳಿಯುತ್ತದೆ. ನೀವು ಅವರ ಹಿಂದೆ ಪಕ್ಕಕ್ಕೆ ನಿಂತಿರಿ. ಕೈ ಬಿಟ್ಟು ಸೆಲ್ಯೂಟ್ ಮಾಡುವ ಆ ಎರಡು ಕ್ಷಣ ಫೋಟೋ ತೆಗೆಯುವುದು ನಿಮ್ಮ ಕೆಲಸ ಅಲ್ಲ. ಅದನ್ನು ಬೇರೆಯವರಿಗೆ ಕೊಡಿ.

ಹೆಸರುಗಳ ಕ್ರಮ ಗೊತ್ತಿದ್ದರೆ ಎಲ್ಲಿ ನಿಲ್ಲಬೇಕು ಅನ್ನುವುದು ಸುಲಭ. ಅವು ಅಕ್ಷರಾನುಕ್ರಮದಲ್ಲಿಲ್ಲ, ಸತ್ತ ಅಥವಾ ಕಾಣೆಯಾದ ದಿನದ ಕ್ರಮದಲ್ಲಿವೆ. ಗೋಡೆಗಳು ಸೇರುವ ನಡುವಿನಲ್ಲಿ 1959ರಿಂದ ಶುರುವಾಗಿ ಬಲಗಡೆಯ ತುದಿಯವರೆಗೆ ಹೋಗುತ್ತವೆ. ಅಲ್ಲಿಂದ ಎಡಗಡೆಯ ತುದಿಗೆ ಹಾರಿ, ಮತ್ತೆ ನಡುವಿಗೆ ಬಂದು 1975ಕ್ಕೆ ಮುಗಿಯುತ್ತವೆ. ಅಂದರೆ ಯುದ್ಧದ ಮೊದಲೂ ಕೊನೆಯೂ ಅಕ್ಕಪಕ್ಕದಲ್ಲೇ ಇವೆ, ಗೋಡೆ ಅತಿ ಎತ್ತರವಾಗಿರುವ ಜಾಗದಲ್ಲಿ. ಅಪ್ಪನಿಗೆ ಸುಸ್ತಾದರೆ ನಡುವಿನವರೆಗೆ ಹೋಗಿ ಬಂದ ದಾರಿಯಲ್ಲೇ ವಾಪಸ್ ಬನ್ನಿ. ಅರ್ಧ ನೋಡಿದ ಹಾಗೆ ಅನ್ನಿಸುವುದಿಲ್ಲ. ಹೆಸರಿನ ಪಕ್ಕದಲ್ಲಿ ವಜ್ರದಾಕಾರದ ಗುರುತಿದ್ದರೆ ಸಾವು ಖಚಿತವಾದವರು, ಕೂಡಿಸುವ ಚಿಹ್ನೆಯಂಥದ್ದಿದ್ದರೆ ಲೆಕ್ಕಕ್ಕೆ ಸಿಗದೇ ಹೋದವರು. ಸೇನೆಯಲ್ಲಿದ್ದವರು ಇಂಥದ್ದನ್ನು ಕೇಳಿಯೇ ಕೇಳುತ್ತಾರೆ.

ಸಮಯ. ಸ್ಮಾರಕ 24 ಗಂಟೆಯೂ ತೆರೆದಿರುತ್ತದೆ, ಟಿಕೆಟ್ ಇಲ್ಲ. ನಿಮ್ಮಂಥವರಿಗೆ ಇದೇ ದೊಡ್ಡ ಅನುಕೂಲ. ಗೋಡೆಯ ಮುಖ ದಕ್ಷಿಣಕ್ಕಿದೆ, ಎದುರಿಗೆ ನೆರಳಿಲ್ಲ. ಜುಲೈನಲ್ಲಿ ಮಧ್ಯಾಹ್ನ ಹೋದರೆ ಮೇಲಿನ ಬಿಸಿಲೂ ಕಲ್ಲಿನ ಕಾವೂ ಒಟ್ಟಿಗೆ ಬಡಿಯುತ್ತವೆ. ಸೆಕೆ ಮಂಗಳೂರಿನ ಮೇ ತಿಂಗಳಿನದು ಅಂದುಕೊಳ್ಳಿ, ಶಿವಮೊಗ್ಗದ್ದಲ್ಲ. ಬೆಳಿಗ್ಗೆ 8ರ ಒಳಗೆ ಹೋಗಿ, ಇಲ್ಲವೇ ಸಂಜೆ 6.30ರ ಮೇಲೆ. ಆ ದಿನಗಳಲ್ಲಿ ಸೂರ್ಯ ಮುಳುಗುವುದು 8.30 ದಾಟಿದ ಮೇಲೆ, ಬೆಳಕು ಸಾಕಷ್ಟಿರುತ್ತದೆ. ಪೂರ್ತಿ ಕತ್ತಲಾದ ಮೇಲೆ ದೀಪದ ಬೆಳಕಿನಲ್ಲಿ ಗೋಡೆ ಚೆನ್ನಾಗಿ ಕಾಣುತ್ತದೆ ನಿಜ. ಆದರೆ ಕಣ್ಣಿನ ಪೊರೆ ಇರುವವರಿಗೆ ದೀಪ ಕಣ್ಣಿಗೆ ಹೊಡೆಯುತ್ತದೆ, ನೆಲದ ಏರಿಳಿತ ತಿಳಿಯುವುದಿಲ್ಲ. ಜುಲೈ 4ರ ಆಸುಪಾಸಿನ ದಿನಗಳನ್ನು ಬಿಟ್ಟುಬಿಡಿ. ರಸ್ತೆ ಮುಚ್ಚಿರುತ್ತಾರೆ, ಜನ ಕಿಕ್ಕಿರಿದಿರುತ್ತಾರೆ.

ಬಂದ ವಾರದಲ್ಲೇ ಹೊರಡಬೇಡಿ. ಬೇಸಿಗೆಯಲ್ಲಿ ಇಲ್ಲಿಗೂ ಊರಿಗೂ ಒಂಬತ್ತೂವರೆ ಗಂಟೆ ವ್ಯತ್ಯಾಸ. ನಿದ್ದೆ ಕೆಟ್ಟಿರುವಾಗ ವಯಸ್ಸಾದವರು ಎಡವುವುದು, ಬೀಳುವುದು ಜಾಸ್ತಿ.

ಅಮ್ಮನ ಬಗ್ಗೆ ನೀವು ಕೇಳಿಲ್ಲ, ನಾನೇ ಹೇಳುತ್ತೇನೆ. ಬಿಪಿಗೆ "ನೀರಿನ ಮಾತ್ರೆ", ಅಂದರೆ ಮೂತ್ರ ಜಾಸ್ತಿ ಹೋಗುವಂತೆ ಮಾಡುವ ಮಾತ್ರೆ, ಇದೆಯಾ ನೋಡಿ. ಇದ್ದರೆ, ಹೊರಗೆ ಹೋಗುವ ದಿನ ಅವರು ಅದನ್ನು ಸದ್ದಿಲ್ಲದೆ ಬಿಡುತ್ತಾರೆ. ನೀರು ಕುಡಿಯುವುದನ್ನೂ ಕಡಿಮೆ ಮಾಡುತ್ತಾರೆ. ಶೌಚಾಲಯ ಸಿಗುತ್ತದೋ ಇಲ್ಲವೋ ಅನ್ನುವ ಭಯ, ಅದನ್ನು ಅಳಿಯನ ಮುಂದೆ ಹೇಳುವುದು ಹೇಗೆ ಅನ್ನುವ ಸಂಕೋಚ. ಬಿಸಿಲಿನ ದಿನ ನೀರು ಕುಡಿಯದೆ ಓಡಾಡಿದರೆ ಅಪಾಯ. ಮಾತ್ರೆಯ ಹೊತ್ತನ್ನು ಆ ಒಂದು ದಿನ ಹಿಂದೆ ಮುಂದೆ ಮಾಡಬಹುದಾ ಅಂತ ಅವರ ಡಾಕ್ಟರನ್ನೇ ಊರಿಂದ ಹೊರಡುವ ಮೊದಲು ಕೇಳಿಕೊಳ್ಳಲಿ. ಶೌಚಾಲಯ ಎಲ್ಲಿದೆ ಅಂತ ನೀವೇ ಮುಂಚೆ ಹೇಳಿಬಿಡಿ. ಗೋಡೆಯ ಪಕ್ಕದಲ್ಲೇ ಇಲ್ಲ. ಎರಡನೇ ಮಹಾಯುದ್ಧದ ಸ್ಮಾರಕದ ಬಳಿ ಇದೆ. ಹಗಲಾದರೆ ಕಾನ್‌ಸ್ಟಿಟ್ಯೂಷನ್ ಅವೆನ್ಯೂದಲ್ಲಿ ಅಮೆರಿಕನ್ ಇತಿಹಾಸದ ಮ್ಯೂಸಿಯಂ ಇದೆ. ಪ್ರವೇಶ ಪುಕ್ಕಟೆ, ಒಳಗೆ ತಂಪು, ಲಿಫ್ಟ್ ಇದೆ, 10 ಗಂಟೆಗೆ ತೆರೆಯುತ್ತದೆ. ಬೆಳಿಗ್ಗೆ ಗೋಡೆ ನೋಡಿ, ಕಾರಿನಲ್ಲಿ ಅಲ್ಲಿಗೆ ಹೋಗಿ ಕೂರುವುದು ಒಳ್ಳೆಯ ಜೋಡಿ. ಶುಗರ್ ಇರುವುದರಿಂದ ಕೈಚೀಲದಲ್ಲಿ ಎರಡು ಚಪಾತಿ ಸುತ್ತಿಟ್ಟುಕೊಳ್ಳಲಿ, ಊಟದ ಹೊತ್ತು ತಪ್ಪಬಾರದು. ಕಾಲಿಗೆ ಹಿಂದೆ ಪಟ್ಟಿ ಇಲ್ಲದ ಚಪ್ಪಲಿ ಬೇಡ. ಸೀರೆಯ ಕೆಳಗೆ ಶೂ ಚೆನ್ನಾಗಿ ಕಾಣಲ್ಲ ಅಂದರೆ, ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಆದರೂ ಹಾಕಲಿ.

ಹೋಗುವುದು ಹೇಗೆ? ಹರ್ನ್‌ಡನ್‌ನಿಂದ ಸಿಲ್ವರ್ ಲೈನ್ ಮೆಟ್ರೋ ನೇರ ಫಾಗಿ ಬಾಟಮ್‌ಗೆ ಬರುತ್ತದೆ, ಸ್ಟೇಷನ್‌ಗಳಲ್ಲಿ ಲಿಫ್ಟ್ ಇದೆ. ಆದರೆ ಅಲ್ಲಿಂದ ಗೋಡೆಗೆ ಒಂದು ಕಿಲೋಮೀಟರಿಗಿಂತ ಜಾಸ್ತಿ. ನಿಮಗೆ ಅದು ಬೇಡ. ಹಳೆಯ ಪ್ರವಾಸ ಲೇಖನಗಳಲ್ಲಿ ಡಿಸಿ ಸರ್ಕ್ಯುಲೇಟರ್ ಎಂಬ ಕೆಂಪು ಬಸ್ಸು ಹತ್ತಿ ಅಂತ ಇರುತ್ತದೆ. 2024ರ ಕೊನೆಗೆ ಅದು ನಿಂತುಹೋಯಿತು. ಕಾರೇ ಸರಿ. ಹೆನ್ರಿ ಬೇಕನ್ ಡ್ರೈವ್ ಮತ್ತು ಕಾನ್‌ಸ್ಟಿಟ್ಯೂಷನ್ ಅವೆನ್ಯೂ ಸೇರುವ ಕಡೆ ಇಬ್ಬರನ್ನೂ ಇಳಿಸಿ, ಒಬ್ಬರು ಅವರ ಜೊತೆ ಇರಿ, ಇನ್ನೊಬ್ಬರು ಪಾರ್ಕಿಂಗ್ ಹುಡುಕಲಿ. ಕಾನ್‌ಸ್ಟಿಟ್ಯೂಷನ್ ಅವೆನ್ಯೂದಲ್ಲಿ ಆಫೀಸಿನ ಹೊತ್ತಿನಲ್ಲಿ ಗಾಡಿ ನಿಲ್ಲಿಸಲು ಬಿಡುವುದಿಲ್ಲ, ಬೋರ್ಡ್ ಓದಿ. ಅಂಗವಿಕಲರ ಕಾರಿಗೆ ಕೊಡುವ ನೀಲಿ ಫಲಕ ಇಲ್ಲದೆ ಅವರ ಜಾಗದಲ್ಲಿ ನಿಲ್ಲಿಸಬೇಡಿ. "ಅಪ್ಪನಿಗೆ ಮಂಡಿನೋವು" ಅನ್ನುವುದು ಅಲ್ಲಿ ನಡೆಯುವುದಿಲ್ಲ.

ಉಳಿದ ಸ್ಮಾರಕಗಳಲ್ಲಿ ಒಂದನ್ನು ಮಾತ್ರ ಅದೇ ದಿನಕ್ಕೆ ಸೇರಿಸಬಹುದು, ಅದೂ ಕಾರಿನಲ್ಲಿ ಹೋಗಿ ಇಳಿದು: ಕೊರಿಯಾ ಯುದ್ಧದ ಸ್ಮಾರಕ. ಲಿಂಕನ್ ಸ್ಮಾರಕದ ಆಚೆ ಬದಿಯಲ್ಲಿದೆ, ಡೇನಿಯಲ್ ಫ್ರೆಂಚ್ ಡ್ರೈವ್ ಕಡೆಯಿಂದ ಹತ್ತಿರ. ಮಳೆಯ ನಿಲುವಂಗಿ ಹೊದ್ದ 19 ಉಕ್ಕಿನ ಸೈನಿಕರು ಗಸ್ತು ಹೊರಟಂತೆ ನಿಂತಿದ್ದಾರೆ. ಅದನ್ನು ಹೇಳಲು ಕಾರಣ ಬೇರೆ. ಅಲ್ಲಿ ಒಂದು ಬದಿಯ ಕಲ್ಲಿನ ಅಂಚಿನಲ್ಲಿ ವಿಶ್ವಸಂಸ್ಥೆಯ ಕಡೆಯಿಂದ ನೆರವಾದ 22 ದೇಶಗಳ ಹೆಸರಿದೆ, ಭಾರತವೂ ಇದೆ. ನಮ್ಮ ಸೇನೆಯ ವೈದ್ಯಕೀಯ ತುಕಡಿ 60ನೇ ಪ್ಯಾರಾಶೂಟ್ ಫೀಲ್ಡ್ ಆಂಬುಲೆನ್ಸ್ ಕೊರಿಯಾದಲ್ಲಿ ಗಾಯಾಳುಗಳ ಆರೈಕೆ ಮಾಡಿತ್ತು. ಕದನವಿರಾಮದ ನಂತರ ಯುದ್ಧಕೈದಿಗಳ ವಿಚಾರ ನೋಡಿಕೊಂಡ ತಟಸ್ಥ ದೇಶಗಳ ಆಯೋಗಕ್ಕೆ ಅಧ್ಯಕ್ಷರಾಗಿದ್ದವರು ಕೊಡಗಿನ ತಿಮ್ಮಯ್ಯನವರು. ನಿಮ್ಮ ತಂದೆಯವರಿಗೆ ಇದು ಗೊತ್ತೇ ಇರಬಹುದು. ಹೆಸರು ನೆಲದ ಮಟ್ಟದಲ್ಲಿದೆ, ಬಗ್ಗಿ ಹುಡುಕಲು ಬಿಡಬೇಡಿ. ನೀವು ಹುಡುಕಿ, ಅವರನ್ನು ಅಲ್ಲಿಗೆ ಕರೆಯಿರಿ.

ಲಿಂಕನ್ ಸ್ಮಾರಕವನ್ನು ಕೆಳಗಿನಿಂದಲೇ ನೋಡಲಿ. ಕೊಳದ ಬದಿಯಿಂದ 87 ಮೆಟ್ಟಿಲು. ಲಿಫ್ಟ್ ಇದೆ, ಆದರೆ ಕೆಲವು ವರ್ಷಗಳಿಂದ ಕಟ್ಟಡದ ತಳಭಾಗದಲ್ಲಿ ಕಾಮಗಾರಿ ನಡೆದಿದೆ. ಲಿಫ್ಟ್ ಓಡುತ್ತಿದೆಯೇ ಅಂತ ಹಿಂದಿನ ದಿನ, ಸ್ಮಾರಕಗಳನ್ನು ನೋಡಿಕೊಳ್ಳುವ ನ್ಯಾಷನಲ್ ಪಾರ್ಕ್ ಸರ್ವಿಸ್‌ನ ಜಾಲತಾಣದಲ್ಲಿ ನೋಡಿಕೊಳ್ಳಿ. "ಬಂದಿದ್ದೀವಲ್ಲ, ನಿಧಾನಕ್ಕೆ ಹತ್ತೋಣ" ಅನ್ನುವವರು ಮನೆಯಲ್ಲಿ ಒಬ್ಬರು ಇದ್ದೇ ಇರುತ್ತಾರೆ. ಹತ್ತಿದವರು ಇಳಿಯಲೂ ಬೇಕು.

ಎರಡನೇ ಮಹಾಯುದ್ಧದ ಸ್ಮಾರಕ ಇನ್ನೊಂದು ದಿನಕ್ಕಿರಲಿ. ಆ ಇನ್ನೊಂದು ದಿನ ಯಾವುದು ಅನ್ನುವುದನ್ನು ಅಪ್ಪನ ಮಂಡಿ ಹೇಳುತ್ತದೆ. ಮಾರನೇ ದಿನ ಬೆಳಿಗ್ಗೆ ನೋವು ಎಂದಿನಷ್ಟೇ ಇದ್ದರೆ, ಒಂದು ದಿನ ಬಿಟ್ಟು ಹೋಗಬಹುದು. ಎಂದಿಗಿಂತ ಜಾಸ್ತಿ ಇದ್ದರೆ ಅಥವಾ ಮಂಡಿ ಊದಿದ್ದರೆ ಎರಡು ಮೂರು ದಿನ ವಿಶ್ರಾಂತಿ, ದಿನಕ್ಕೆ ಎರಡು ಮೂರು ಸಲ ಬಟ್ಟೆ ಸುತ್ತಿದ ಐಸ್ 15 ನಿಮಿಷ. ಮೀನಖಂಡ ಒಂದೇ ಕಾಲಲ್ಲಿ ಊದಿ, ಮುಟ್ಟಿದರೆ ಬಿಸಿಯಾಗಿ ನೋಯುತ್ತಿದ್ದರೆ ಐಸ್ ಇಟ್ಟುಕೊಂಡು ಕೂರಬೇಡಿ. ಉದ್ದದ ವಿಮಾನ ಪ್ರಯಾಣ ಮಾಡಿ ಬಂದವರಲ್ಲಿ ಅದು ರಕ್ತ ಹೆಪ್ಪುಗಟ್ಟಿರುವ ಸೂಚನೆ ಆಗಿರಬಹುದು. ಅವತ್ತೇ ಡಾಕ್ಟರಿಗೆ ತೋರಿಸಿ. ಜೊತೆಗೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ 911ಕ್ಕೆ ಫೋನ್ ಮಾಡಿ. ಪ್ರವಾಸಿ ವಿಮೆಯ ಕಾರ್ಡನ್ನು ಆ ದಿನ ನಿಮ್ಮ ಪರ್ಸಿನಲ್ಲೇ ಇಟ್ಟುಕೊಂಡಿರಿ.